ಹೊತ್ತು ತಂದ ಡ್ರ್ಯಾಗನ್

ಡ್ರ್ಯಾಗನ್‌ನ ತಲೆ ಕಳಚಿ ಬಿದ್ದಾಗ ನಾನು ಅದರ ಹೊಟ್ಟೆಯೊಳಗಿದ್ದೆ. ಮೇಲೆ ಏನಾಯಿತೆಂದು ಕಾಣಲಿಲ್ಲ. ಕಬ್ಬಿಣ ಬಿರಿದ ಸದ್ದು, ಆಮೇಲೆ ಏನೋ ನೆಲಕ್ಕೆ ಬಿದ್ದ ಸದ್ದು, ಆಮೇಲೆ ನಗು. ಮೊದಲು ಮಕ್ಕಳು ನಕ್ಕರು. ಆಮೇಲೆ ಹೆಂಗಸರು. ಕೊನೆಗೆ ನಮ್ಮ ತಂಡದವರೇ ನಕ್ಕರು. ನನ್ನ ಮುಂದೆ, ಮುಂಗಾಲಿನ ಜಾಗದಲ್ಲಿ ಇದ್ದ ಕಾಕ ಮಾತ್ರ ನಗಲಿಲ್ಲ. ತಲೆ ಬಿದ್ದದ್ದು ಅವರ ಕಾಲಿನಿಂದ ಒಂದು ಗೇಣು ಆಚೆ.

"ತಲೆ ಹೋಯ್ತು ಮಾರಾಯ. ಇನ್ನು ನಾವು ನಡೆಯುದಾ, ನಿಲ್ಲುದಾ?" ಅಂದರು.

ನಡೆಯಿರಿ ಅಂದೆ. ತಲೆ ಇಲ್ಲದ ಡ್ರ್ಯಾಗನ್ ಸ್ವಲ್ಪ ದೂರ ನಡೆಯಿತು. ನಗು ಇನ್ನೂ ಜಾಸ್ತಿಯಾಯಿತು. ಆಗ ನಿಲ್ಲಿಸಿದೆ.

ಇದು ಆದದ್ದು ಕೆದಂಬಾಡಿಯಲ್ಲಿ, ಒಂದು ಸಭಾಭವನದ ಅಂಗಳದಲ್ಲಿ. ನಾಟಕದ ಒಂದು ದೃಶ್ಯವನ್ನು ಊರವರ ಎದುರು ಆಡಿ ನೋಡುವುದು ಅಂತ ಇತ್ತು. ಡ್ರ್ಯಾಗನ್ ಮಾಡಿದವನು ನಾನು. ನಾನು ವೆಲ್ಡರ್. ನರಿಮೊಗರಿನ ರಸ್ತೆ ಬದಿಯಲ್ಲಿ ನನ್ನ ಶೆಡ್ ಉಂಟು. ಗೇಟು, ಗ್ರಿಲ್ಲು, ಅಂಗಳಕ್ಕೆ ಶೀಟಿನ ಮಾಡು, ಇದು ನನ್ನ ಕೆಲಸ. ನಾಟಕ ನನ್ನ ಕೆಲಸ ಅಲ್ಲ. ಟೀಚರ್ ಬಂದು ಕೇಳಿದರು, ಆಗುತ್ತದೆ ಅಂದೆ. ಕಬ್ಬಿಣದಲ್ಲಿ ಆಗದ್ದು ಯಾವುದೂ ಇಲ್ಲ ಅಂತ ಆಗ ನನ್ನ ಲೆಕ್ಕ.

ಟೀಚರ್ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವರು. ನಾಟಕ ಬರೆದದ್ದು ಅವರು. ಅದರ ಕಥೆ ಹೀಗೆ. ಕಂಪೆನಿಯವರ ಕಾಲ. ಘಟ್ಟದ ಬುಡದ ರೈತರು ದಂಗೆ ಎದ್ದಿದ್ದಾರೆ. ಅವರನ್ನು ಬಗ್ಗಿಸಲಿಕ್ಕೆ ಕಂಪೆನಿ ಹಡಗಿನಲ್ಲಿ ಒಂದು ಡ್ರ್ಯಾಗನ್ ತರಿಸುತ್ತದೆ. ಅದು ಮೇಲಿನಿಂದ ಬಂದು ಗದ್ದೆ ಸುಡುತ್ತದೆ, ಮನೆ ಸುಡುತ್ತದೆ. ಒಂದು ದಿನ ಕಂಪೆನಿಯದ್ದೇ ಪಿರಂಗಿ ಗುಂಡು ತಪ್ಪಿ ಅದರ ರೆಕ್ಕೆಗೆ ಬಡಿಯುತ್ತದೆ. ಡ್ರ್ಯಾಗನ್ ಕಾಡಿಗೆ ಬೀಳುತ್ತದೆ. ಯಾರ ಗದ್ದೆಯನ್ನು ಅದು ಸುಟ್ಟಿತ್ತೋ ಅದೇ ಹೆಂಗಸಿನ ಕಣ್ಣಿಗೆ ಬೀಳುತ್ತದೆ. ಕೊಲ್ಲುವುದಾ, ಅಡಗಿಸುವುದಾ? ಅವಳು ಅಡಗಿಸುತ್ತಾಳೆ. ಕ್ಯಾಪ್ಟನ್ ಹುಡುಕಿಕೊಂಡು ಬರುತ್ತಾನೆ.

ಇದು ನಿಜವಾಗಿ ಆದದ್ದಾ ಅಂತ ಕೇಳಿದ್ದೆ.

"ದಂಗೆ ಆದದ್ದು. ಡ್ರ್ಯಾಗನ್ ನಾನು ಹಾಕಿದ್ದು," ಅಂದರು ಟೀಚರ್.

ಸುತ್ತಿ ಬಳಸಿ ಹೇಳಲಿಲ್ಲ. ಅದು ನನಗೆ ಹಿಡಿಸಿತು. ಕಾಕನಿಗೆ ಮಾತ್ರ ತುಂಬ ದಿನ ತಲೆಗೆ ಹೋಗಲಿಲ್ಲ. ಕಾಕ ಪುತ್ತೂರಿನ ಅಡಿಕೆ ಮಂಡಿಯಲ್ಲಿ ಹಮಾಲಿ. ಮೂಟೆ ಹೊರುವ ಹೆಗಲು ಬೇಕು ಅಂತ ನಾನೇ ಕರೆದುಕೊಂಡು ಬಂದದ್ದು. ಡ್ರ್ಯಾಗನ್ ಅಂದರೆ ಹಣ್ಣಲ್ವಾ, ನಮ್ಮ ಭಾವ ನೆಟ್ಟಿದ್ದಾನೆ, ಅದಕ್ಕೆ ಹೆದರಿ ಓಡುವವರು ಯಾರು ಅಂತ ಅವರ ಪ್ರಶ್ನೆ.

ಕಷ್ಟ ಬೇರೆಯೇ ಇತ್ತು. ಈ ತಂಡ ಯಾವಾಗಲೂ ಆಡುವುದು ತುಳು ಕಾಮಿಡಿ. ನಮ್ಮ ಜನ ನಾಟಕಕ್ಕೆ ಬರುವುದೇ ನಗಲಿಕ್ಕೆ. ಬೆಳಕು ಬಿದ್ದು ಒಬ್ಬ ಕೆಮ್ಮಿದರೂ ನಗುತ್ತಾರೆ. ಟೀಚರ್ ವರ್ಷಗಟ್ಟಲೆ ತಂಡದವರ ಹಿಂದೆ ಬಿದ್ದು, ಒಂದೇ ಒಂದು ಸಲ ಈ ನಾಟಕ ಆಡುವ ಅಂತ ಒಪ್ಪಿಸಿದ್ದರು. ಪುತ್ತೂರಿನಲ್ಲಿ ಒಂದು ಪ್ರದರ್ಶನ. ಅದು ಗೆದ್ದರೆ ಮುಂದೆ ಸುಳ್ಯ, ಕಡಬ. ಬಿದ್ದರೆ ಟೀಚರ್ ಮನೆಗೆ, ತಂಡ ಪುನಃ ಕಾಮಿಡಿಗೆ. ಮೊದಲ ದಿನವೇ ನನ್ನ ಶೆಡ್ಡಿಗೆ ಬಂದು ಹೇಳಿದ್ದರು.

"ಬೇರೆ ಎಲ್ಲಿ ಬೇಕಾದ್ರೂ ನಗ್ಲಿ ಮಾರಾಯ. ಡ್ರ್ಯಾಗನ್ ನೋಡಿ ನಗಬಾರದು. ನಿನ್ನ ಕೆಲಸ ಅಷ್ಟೇ."

ಕೆದಂಬಾಡಿಯಲ್ಲಿ ಡ್ರ್ಯಾಗನ್ ನೋಡಿಯೇ ನಕ್ಕರು.

ತಲೆ ಯಾಕೆ ಬಿತ್ತು ಅಂತ ಶೆಡ್ಡಿಗೆ ತಂದು ನೋಡಿದೆ. ವೆಲ್ಡಿಂಗ್ ಬಿಟ್ಟದ್ದಲ್ಲ. ವೆಲ್ಡಿಂಗಿನ ಪಕ್ಕದಲ್ಲಿ ಪೈಪೇ ಹರಿದಿತ್ತು. ಭಾರ ಕಡಿಮೆ ಆಗಲಿ ಅಂತ ತೆಳು ಪೈಪು ಹಾಕಿದ್ದೆ. ಕುತ್ತಿಗೆ ಉದ್ದ, ತಲೆ ತುದಿಯಲ್ಲಿ. ಒಳಗಿನವರು ನಡೆದ ಹಾಗೆ ತಲೆ ಮೇಲೆ ಕೆಳಗೆ ಆಡುತ್ತದೆ, ಆ ಆಟ ಎಲ್ಲ ಬುಡದ ಒಂದು ಜಾಗಕ್ಕೆ ಬಂದು ಬೀಳುತ್ತದೆ. ತಂತಿಯನ್ನು ಬಗ್ಗಿಸಿ ಬಗ್ಗಿಸಿ ತುಂಡು ಮಾಡಿದ ಹಾಗೆ ಆಗಿತ್ತು. ದಪ್ಪ ಪೈಪು ಹಾಕಿದೆ, ಬುಡಕ್ಕೆ ಮೂರು ಕಡೆಯಿಂದ ಆಸರೆ ಕೊಟ್ಟೆ. ಕುತ್ತಿಗೆ ಗಟ್ಟಿಯಾಯಿತು. ಆದರೆ ಮುಂದೆ ಭಾರ ಹೆಚ್ಚಾಗಿ ಇಡೀ ಪ್ರಾಣಿ ಮೂಗು ಕುಟ್ಟಿ ನಿಂತಿತು. ಅದಕ್ಕೆ ಹಿಂದೆ ಬಾಲದಲ್ಲಿ ಭಾರ ಕಟ್ಟಿದೆ. ಈಗ ಕಾಕನಿಗೂ ಎತ್ತಲಿಕ್ಕೆ ಆಗಲಿಲ್ಲ. ಸಿಮೆಂಟು ಹೊರುವ ಕೈಗಾಡಿಯ ಚಕ್ರ ಬಿಚ್ಚಿ ಹೊಟ್ಟೆಯ ಅಡಿಗೆ ಹಾಕಿದೆ. ಶೆಡ್ಡಿನ ಕಾಂಕ್ರೀಟಿನ ಮೇಲೆ ಚಂದ ಓಡಿತು. ಟೀಚರ ಶಾಲೆಯ ಮೈದಾನದಲ್ಲಿ ಜಲ್ಲಿಗೆ ಸಿಕ್ಕಿ ನಿಂತಿತು, ಕಾಕ ದೂಡಿದರು, ಚಕ್ರ ಅಲ್ಲಿಯೇ ಉಳಿಯಿತು, ಡ್ರ್ಯಾಗನ್ ಮುಂದೆ ಹೋಯಿತು.

ಅದರ ಮೇಲೆ ದನದ ಕಥೆ. ಡ್ರ್ಯಾಗನ್‌ನ ಚಿಪ್ಪನ್ನು ನಾನು ಅಡಿಕೆ ಹಾಳೆಯಲ್ಲಿ ಮಾಡಿದ್ದೆ. ನೆನೆ ಹಾಕಿ, ಅರ್ಧ ಚಂದ್ರದ ಹಾಗೆ ಕತ್ತರಿಸಿ, ತಂತಿ ಹೊಲಿಗೆ ಹಾಕಿ ಸಾಲು ಸಾಲು ಕೂರಿಸಿದ್ದೆ. ಒಣಗಿದಾಗ ತುದಿ ಮೇಲೆದ್ದು ನಿಜವಾದ ಚಿಪ್ಪಿನ ಹಾಗೆಯೇ ಕಾಣುತ್ತಿತ್ತು. ಒಂದು ಸಂಜೆ ಅದನ್ನು ಟೀಚರ ಮನೆಯ ಹಿಂದೆ ನಿಲ್ಲಿಸಿ ಬಂದೆ. ಹಾಳೆ ದನದ ಆಹಾರ ಅಂತ ನನಗೆ ಗೊತ್ತಿಲ್ಲದ್ದಲ್ಲ, ನಮ್ಮ ಮನೆಯಲ್ಲಿಯೂ ಕೊಚ್ಚಿ ಹಾಕುತ್ತೇವೆ. ಆದರೆ ಡ್ರ್ಯಾಗನ್ ಆದ ಮೇಲೆ ಅದು ಹಾಳೆ ಅಂತ ಮರೆತೇ ಹೋಗಿತ್ತು. ಬೆಳಿಗ್ಗೆ ಹೋಗಿ ನೋಡುವಾಗ ಬಾಲದಿಂದ ತೊಡೆಯವರೆಗೆ ಬರೀ ಪೈಪು. ದನ ಹತ್ತಿರವೇ ಮಲಗಿ ಮೆಲುಕು ಹಾಕುತ್ತಿತ್ತು.

ಟೀಚರಿಗೆ ಬೇಸರ ಆಯಿತಾ ನಗು ಬಂತಾ ಗೊತ್ತಾಗಲಿಲ್ಲ. "ಕಂಪೆನಿಗೆ ಆಗದ್ದು ನಮ್ಮ ದನಕ್ಕೆ ಆಯ್ತು," ಅಂದರು.

ದನ ತಿನ್ನದ ಸಾಮಾನು ಬೇಕಿತ್ತು. ನನ್ನ ಮನೆ ಗುತ್ತಿಗಾರಿನಿಂದ ಮೇಲೆ, ಕಾಡಿನ ಅಂಚಿನಲ್ಲಿ. ಅಲ್ಲಿ ಮನೆಯ ಹತ್ತಿರ ಸ್ವಲ್ಪ ರಬ್ಬರ್ ಉಂಟು. ಹಾಲು ಹೆಪ್ಪು ಹಾಕಿ, ರೋಲರಿಗೆ ಕೊಟ್ಟು, ಹೊಗೆಗೂಡಿನಲ್ಲಿ ಒಣಗಿಸಿದ ಶೀಟು ಜೋನಿ ಬೆಲ್ಲದ ಬಣ್ಣಕ್ಕೆ ಬರುತ್ತದೆ. ಬೆಳಕಿಗೆ ಹಿಡಿದರೆ ಆಚೆಯ ಕೈ ಕಾಣುತ್ತದೆ. ಒಂದು ಶೀಟು ತಂದು ರೆಕ್ಕೆಯ ಸರಳಿಗೆ ಕಟ್ಟಿ ಹಿಂದಿನಿಂದ ಲೈಟು ಬಿಟ್ಟೆ. ರೋಲರಿನ ಗೆರೆಗಳು ನರದ ಹಾಗೆ ಕಂಡವು. ಟೀಚರ್ ಹತ್ತಿರ ಬಂದು ನೋಡಿದರು. ಆಮೇಲೆ ಮೂಗು ಮುಚ್ಚಿದರು. ಹೊಗೆಗೂಡಿನ ವಾಸನೆ ಹೋಗುವುದಿಲ್ಲ. ಗದ್ದೆ ಸುಟ್ಟ ಪ್ರಾಣಿಗೆ ಹೊಗೆ ವಾಸನೆ ಇರಲಿ ಅಂದೆ. ಅವರು ಒಪ್ಪಿದರು. ಮೈಗೂ ಒಂದು ರೆಕ್ಕೆಗೂ ಶೀಟು ಹಾಕಿದೆ, ಇನ್ನೊಂದು ರೆಕ್ಕೆ ಗುಂಡು ತಾಗಿ ಮುರಿದದ್ದು, ಅದನ್ನು ಮಡಚಿ ಕಟ್ಟಿದರೆ ಸಾಕಿತ್ತು. ಬಿಸಿಲಿಗೆ ಶೀಟು ಒಂದಕ್ಕೊಂದು ಅಂಟುತ್ತದೆ. ಅದಕ್ಕೆ ಮಕ್ಕಳಿಗೆ ಹಾಕುವ ಪೌಡರ್ ಉದುರಿಸಿದೆ.

ಇನ್ನು ಉಳಿದದ್ದು ಕಾಲು. ಒಳಗೆ ನಡೆಯುವವರ ಕಾಲು ಹೊರಗೆ ಕಾಣುತ್ತದೆ. ಎಷ್ಟು ದೊಡ್ಡ ಡ್ರ್ಯಾಗನ್ ಆದರೂ ಕೆಳಗೆ ಲುಂಗಿ, ಚಪ್ಪಲಿ ಕಂಡರೆ ಮುಗಿಯಿತು. ನಾನು ತೆಂಗಿನ ಎಳೆ ಗರಿಯನ್ನು ಸೀಳಿ ಸುತ್ತ ಇಳಿಬಿಟ್ಟೆ. ನೆಲ ಮುಟ್ಟುವವರೆಗೆ ಹಳದಿ ಗರಿ. ಕಾಲು ಪೂರ್ತಿ ಮುಚ್ಚಿತು. ನಡೆಯುವಾಗ ಗರಿ ಅಲುಗುತ್ತಿತ್ತು, ನೋಡಲಿಕ್ಕೆ ಒಳ್ಳೆಯದಾಗಿತ್ತು. ನನಗೆ ಸಮಾಧಾನ ಆಯಿತು.

ಅಭ್ಯಾಸ ಶುರುವಾಗುವ ಮೊದಲು ತಂಡದ ಡೋಲಿನವರು ಬಂದರು. ವಯಸ್ಸಾದವರು. ಅವರ ಮನೆಯವರು ದೈವಕ್ಕೆ ಕಟ್ಟುವವರು. ಅವರು ಡೋಲು ಕೆಳಗೆ ಇಟ್ಟು, ಗರಿಯನ್ನು ಮುಟ್ಟಲಿಲ್ಲ, ಸ್ವಲ್ಪ ದೂರದಲ್ಲಿಯೇ ನಿಂತರು.

"ಇದನ್ನು ಎಲ್ಲಿ ಕಟ್ಟುದು ಅಂತ ನಿನಗೆ ಗೊತ್ತುಂಟಲ್ಲ?"

ಗೊತ್ತುಂಟು ಅಂದೆ.

"ಹಾಗಾದ್ರೆ ಇಲ್ಲಿ ಬೇಡ."

ಅಷ್ಟೇ ಹೇಳಿದ್ದು. ಕೋಲದಲ್ಲಿ ದೈವದ ಸೊಂಟಕ್ಕೆ ಕಟ್ಟುವ ಗರಿ ಅದು. ನಾನು ಚಿಕ್ಕಂದಿನಿಂದ ನೋಡಿದ್ದು ಅದನ್ನೇ ಆದ್ದರಿಂದ ಕೈ ತಾನಾಗಿ ಅದನ್ನೇ ಮಾಡಿತ್ತು. ಬೇರೆ ಊರಿನವನಾಗಿದ್ದರೆ ಬಟ್ಟೆ ಇಳಿಬಿಡುತ್ತಿದ್ದ. ವಾದ ಮಾಡುವ ವಿಷಯ ಅಲ್ಲ. ಅಲ್ಲಿಯೇ ಕೂತು ಎಲ್ಲ ಗರಿ ಬಿಚ್ಚಿ ತೆಂಗಿನ ಬುಡಕ್ಕೆ ಹಾಕಿ ಬಂದೆ. ಅವರು ಡೋಲು ಎತ್ತಿಕೊಂಡರು.

ಆ ದಿನ ಗರಿ ಇಲ್ಲದೆ ಅಭ್ಯಾಸ ಆಯಿತು. ಡ್ರ್ಯಾಗನ್ ಎದ್ದು ಆ ಹೆಂಗಸಿನ ಹಿಂದೆ ಕಾಡಿಗೆ ನಡೆದು ಹೋಗುವ ದೃಶ್ಯ. ಟೀಚರ್ ಅದನ್ನು ಹಾಗೆ ಬರೆದಿದ್ದರು. ಕೆಳಗೆ ಕಾಕನ ಕಾಲು, ನನ್ನ ಕಾಲು, ಭಾರ ಹೆಚ್ಚಾಯಿತು ಅಂತ ಸೇರಿಸಿದ ಇನ್ನೊಬ್ಬ ಹಮಾಲಿಯ ಕಾಲು. ಕ್ಯಾಪ್ಟನ್ ಪಾರ್ಟು ಮಾಡುವವರು ಪುತ್ತೂರಿನಲ್ಲಿ ಡ್ರೈವಿಂಗ್ ಶಾಲೆ ಇಟ್ಟವರು, ತಂಡದ ದೊಡ್ಡ ಕಾಮಿಡಿಯನ್. ಅವರು ಕುರ್ಚಿಯಲ್ಲಿ ಕೂತು ನೋಡಿ ನೋಡಿ ಕೊನೆಗೆ ಬಾಯಿ ಬಿಟ್ಟರು.

"ಒಂದು ಟಾರ್ಪಾಲಿನ ಅಡಿಯಲ್ಲಿ ಮೂರು ಜನ ಮಳೆಗೆ ರೇಷನ್ ಅಂಗಡಿಗೆ ಹೋದ ಹಾಗೆ ಉಂಟು."

ಎಲ್ಲರೂ ನಕ್ಕರು. ಹೊಟ್ಟೆಯೊಳಗೆ ಕಾಕನೂ ನಕ್ಕರು. ನಿಜ ಹೇಳಿದರೆ ನನಗೂ ನಗು ಬಂತು. ಟೀಚರ್ ನಗಲಿಲ್ಲ. ಕ್ಯಾಪ್ಟನ್ ಆಮೇಲೆ ತಮಾಷೆ ಬಿಟ್ಟು ಸರಿಯಾಗಿಯೇ ಹೇಳಿದರು, ಡ್ರ್ಯಾಗನ್ ತೆಗೆಯುವ, ಹಿಂದಿನಿಂದ ಶಬ್ದ ಮಾತ್ರ ಕೊಡುವ, ಜನ ಮನಸ್ಸಿನಲ್ಲಿ ನೋಡಿಕೊಳ್ಳಲಿ ಅಂತ. ತಂಡದ ಅರ್ಧಕ್ಕಿಂತ ಹೆಚ್ಚು ಜನ ತಲೆ ಆಡಿಸಿದರು. ಟೀಚರ್ ಒಂದು ವಾರ ಕೊಡಿ ಅಂದರು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು.

ರೆಕ್ಕೆಗೆ ಇನ್ನೂ ಎರಡು ಶೀಟು ಬೇಕು ಅಂತ ಮರುದಿನ ಮನೆಗೆ ಹೋದೆ. ನಮ್ಮ ಮನೆಗೆ ಹೋಗಬೇಕಾದರೆ ಒಂದು ಹೊಳೆ ದಾಟಬೇಕು. ಜೀಪು ಹೊಳೆಯ ಈಚೆಗೇ ನಿಲ್ಲುತ್ತದೆ. ನಾನು ಇಳಿಯುವ ಹೊತ್ತಿಗೆ ಆಚೆಯಿಂದ ನಮ್ಮ ನೆರೆಮನೆಯ ಮಾವನನ್ನು ಹೊತ್ತು ತರುತ್ತಿದ್ದರು. ತೋಟದಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ಮುರಿದಿತ್ತು. ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಕಟ್ಟಿ, ಮಾವನನ್ನು ಕೂರಿಸಿ, ಹೆಗಲ ಮೇಲೆ. ನಾನು ಹೋಗಿ ಹೆಗಲು ಕೊಟ್ಟೆ. ಮಾವ ದೊಡ್ಡ ಶರೀರದವರು. ನಾವು ಏದುಸಿರು ಬಿಡುತ್ತಿದ್ದೆವು.

"ಮುರಿದದ್ದು ನನ್ನದು, ಉಸಿರು ಹೋಗುದು ನಿಮ್ಮದಾ?" ಅಂದರು ಮೇಲಿನಿಂದ.

ಯಾರೂ ನಗಲಿಲ್ಲ, ನಗಲಿಕ್ಕೆ ಉಸಿರು ಇರಲಿಲ್ಲ. ನೀರಿನಲ್ಲಿ ಕಾಲು ಇಡುವಾಗ ನಾನು ಕೆಳಗೆ ನೋಡಿದೆ. ಎಂಟು ಕಾಲು. ಲುಂಗಿ ಮೇಲೆ ಕಟ್ಟಿದ್ದು, ಪ್ಯಾಂಟು ಮಡಚಿದ್ದು, ಒಬ್ಬನ ಕಾಲಿನಲ್ಲಿ ಒಂದೇ ಚಪ್ಪಲಿ. ಈ ಕಾಲುಗಳನ್ನು ಯಾರು ನೋಡಿದರೂ ನಗುವುದಿಲ್ಲ ಅಂತ ಆಗ ಅನ್ನಿಸಿತು. ಮಾವನನ್ನು ಜೀಪಿಗೆ ಹತ್ತಿಸಿದೆವು. ನಾನು ಮನೆಗೆ ಹೋಗಲಿಲ್ಲ, ಶೀಟನ್ನು ತರಲಿಲ್ಲ, ಅದೇ ಜೀಪಿನಲ್ಲಿ ಕೆಳಗೆ ಬಂದೆ.

ಟೀಚರ್ ಶಾಲೆಯಿಂದ ಹೊರಗೆ ಬರುತ್ತಿದ್ದರು. ಅಲ್ಲಿಯೇ ಹೇಳಿದೆ.

"ಟೀಚರ್, ಪೆಟ್ಟಾದದ್ದು ನಡೆಯುದಿಲ್ಲ. ಹೊತ್ತುಕೊಂಡು ಹೋಗುದು."

"ಎಂತದು?"

"ಡ್ರ್ಯಾಗನ್. ಅದು ಎದ್ದು ನಡೆಯುದು ಬೇಡ. ಊರವರು ಹೊತ್ತುಕೊಂಡು ಹೋಗ್ಲಿ. ಕಾಲು ಕಾಣ್ಲಿ. ಹೊತ್ತವರ ಕಾಲು ಅಲ್ವಾ."

ಅವರಿಗೆ ಸರಿ ಬರಲಿಲ್ಲ. ಅದು ಸೋತ ಪ್ರಾಣಿ ಅಲ್ಲ, ಅದಕ್ಕೆ ಒಂದು ಗತ್ತು ಉಂಟು, ಅದು ತಾನಾಗಿ ಎದ್ದು ಆ ಹೆಂಗಸಿನ ಹಿಂದೆ ಹೋಗುವುದೇ ನಾಟಕದ ಜೀವ ಅಂದರು. ಹೊತ್ತರೆ ಹೆಣದ ಹಾಗೆ ಕಾಣುತ್ತದೆ ಅಂದರು. ಅದೂ ಸುಳ್ಳಲ್ಲ. ನೋಡುವ ಅಂತ ಹೇಳಿ ಹೋದರು. ನಾನು ಅವರು ಒಪ್ಪಲಿಕ್ಕೆ ಕಾಯಲಿಲ್ಲ. ಶೆಡ್ಡಿಗೆ ಹೋಗಿ ಒಳಗಿನ ಹಿಡಿಕೆ, ಪಟ್ಟಿ, ಚಕ್ರ ಕೂರಿಸಿದ ಸರಳು ಎಲ್ಲ ಗ್ರೈಂಡರಿನಲ್ಲಿ ಕೊಯ್ದು ಹಾಕಿದೆ. ಒಪ್ಪದಿದ್ದರೆ ಪುನಃ ವೆಲ್ಡ್ ಮಾಡಿದರಾಯಿತು. ಆದರೆ ಒಪ್ಪುತ್ತಾರೆ ಅಂತ ನನಗೆ ಗೊತ್ತಿತ್ತು.

ಎರಡು ದಿನ ಬಿಟ್ಟು ಬಂದರು. ದೃಶ್ಯ ಪೂರ್ತಿ ಬದಲಿಸಿ ಬರೆದುಕೊಂಡು ಬಂದಿದ್ದರು. ಯಾರ ಮನೆ ಸುಟ್ಟಿತ್ತೋ ಅವರೇ ಬಯ್ಯುತ್ತಾ ಬಯ್ಯುತ್ತಾ ಹೊರುವುದು. ನಾನು ಹೇಳಿದ್ದಕ್ಕಿಂತ ಅದು ಎಷ್ಟೋ ಮೇಲಿತ್ತು. ಆದರೆ ಒಂದು ಷರತ್ತು.

"ಉಸಿರಾಡ್ಬೇಕು. ಜನಕ್ಕೆ ಅದು ಸತ್ತದ್ದು ಅಂತ ಒಂದು ಕ್ಷಣವೂ ಕಾಣಬಾರದು. ಕೊನೆಯ ಸಾಲಿನವರಿಗೂ ಉಸಿರು ಕಾಣ್ಬೇಕು."

ಮೊದಲು ಕಂಪ್ರೆಸರ್ ಕೊಟ್ಟು ನೋಡಿದೆ. ಪಕ್ಕೆ ಒಮ್ಮೆಲೇ ಉಬ್ಬಿ ಒಮ್ಮೆಲೇ ಇಳಿಯಿತು. ಬಿಕ್ಕಳಿಕೆ ಬಂದ ಹಾಗೆ. ಕಾಕ ನೀರು ಕೊಡಿ ಅದಕ್ಕೆ ಅಂದರು. ಕಂಪ್ರೆಸರ್ ಬಿಟ್ಟೆ. ಎರಡು ಲಾರಿ ಟ್ಯೂಬು ತಂದು ಅರ್ಧ ಅರ್ಧ ಗಾಳಿ ತುಂಬಿಸಿ ನಡುವೆ ಹೋಸ್ ಪೈಪು ಹಾಕಿದೆ. ಒಂದು ಟ್ಯೂಬು ಪಕ್ಕೆಯ ಚರ್ಮದ ಅಡಿಯಲ್ಲಿ, ಇನ್ನೊಂದು ನನ್ನ ತೋಳಿನ ಅಡಿಯಲ್ಲಿ. ನಾನು ಅದುಮಿದರೆ ಅಲ್ಲಿ ಏಳುತ್ತದೆ, ಬಿಟ್ಟರೆ ಇಳಿಯುತ್ತದೆ. ಮೋಟಾರಿಲ್ಲ, ಶಬ್ದ ಇಲ್ಲ. ಹೇಗೆ ಅದುಮುವುದು ಅಂತ ಟೀಚರ್ ಹೇಳಿ ಕೊಟ್ಟದ್ದು. ಹಾಳೆ ತಿಂದ ಅದೇ ದನದ ಪಕ್ಕದಲ್ಲಿ ಕೂರಿಸಿ ಅದರ ಹೊಟ್ಟೆ ನೋಡು ಅಂದರು. ಏಳುವುದು ನಿಧಾನ, ಮೇಲೆ ಸ್ವಲ್ಪ ನಿಲ್ಲುತ್ತದೆ, ಇಳಿಯುವುದು ಬೇಗ. ನಿಲ್ಲುವ ಆ ಸ್ವಲ್ಪದಲ್ಲಿಯೇ ಜೀವ ಕಾಣುವುದು. ಅದು ನನಗೆ ಗೊತ್ತಿರಲಿಲ್ಲ.

ಹೊರುವುದಕ್ಕೆ ನಾನು ಪೈಪು ಕೊಟ್ಟೆ. ಕಾಕ ಬೇಡ ಅಂದರು. ಪೈಪು ಹೆಗಲಿನಲ್ಲಿ ಕೂರುವುದಿಲ್ಲ, ಬಿದಿರು ಬಾಗುತ್ತದೆ, ಬಾಗಿದರೆ ಹೆಗಲು ಉಳಿಯುತ್ತದೆ. ಮಂಡಿಯ ಹಮಾಲಿಗಳನ್ನು ಅವರೇ ಕರೆದುಕೊಂಡು ಬಂದರು. ಕ್ಯಾಪ್ಟನ್ ಅವರಿಗೆ ಪರೇಡಿನ ಹಾಗೆ ಎಡ ಬಲ ಹೇಳಿ ನಡೆಸಲಿಕ್ಕೆ ಹೋದರು. ಒಟ್ಟಿಗೆ ಹೆಜ್ಜೆ ಹಾಕಿದರೆ ಬಿದಿರು ತೊಟ್ಟಿಲಿನ ಹಾಗೆ ತೂಗುತ್ತದೆ, ಕುತ್ತಿಗೆ ಕುಣಿಯುತ್ತದೆ. ಕಾಕ ಅವರನ್ನು ಬದಿಗೆ ನಿಲ್ಲಿಸಿದರು. ಒಬ್ಬೊಬ್ಬರದ್ದು ಒಂದೊಂದು ಹೆಜ್ಜೆ ಆಗಬೇಕು, ಆಗ ಮೇಲಿನದ್ದು ಅಲುಗುವುದಿಲ್ಲ ಅಂದರು. ಹಾಗೆ ನಡೆಸಿದಾಗ ಡ್ರ್ಯಾಗನ್ ಗಾಳಿಯಲ್ಲಿ ತೇಲಿದ ಹಾಗೆ ಹೋಯಿತು, ಕೆಳಗೆ ಮಾತ್ರ ಕಾಲುಗಳು ಒದ್ದಾಡುತ್ತಿದ್ದವು. ಡ್ರ್ಯಾಗನ್ ತೆಗೆಯುವ ಮಾತು ಮತ್ತೆ ಬರಲಿಲ್ಲ.

ಪುತ್ತೂರಿನ ದಿನ ಸಂಜೆ ಇನ್ನೊಂದು ಕಷ್ಟ. ವೇದಿಕೆಯ ಬದಿಯ ದಾರಿ ಇಕ್ಕಟ್ಟು. ಬಿದಿರು ತಿರುಗುವುದಿಲ್ಲ. ರೆಕ್ಕೆ ಕೊಯ್ಯಬೇಕು, ಇಲ್ಲವೇ ಬೇರೆ ದಾರಿ ನೋಡಬೇಕು. ಟೀಚರ್ ಮೈದಾನ ಒಮ್ಮೆ ನೋಡಿದರು. ಹಿಂದಿನಿಂದ ಬನ್ನಿ, ಜನರ ನಡುವಿನ ದಾರಿಯಲ್ಲಿ ಅಂದರು. ಜನರ ಅಷ್ಟು ಹತ್ತಿರ ಹೋದರೆ ವೆಲ್ಡಿಂಗಿನ ಗಂಟು ಕೂಡ ಕಾಣುತ್ತದೆ ಅಂತ ನಾನು ಹೇಳಿದೆ. ಕಾಣಲಿ ಅಂದರು.

ಮೈದಾನ ತುಂಬಿತ್ತು. ಕಾಮಿಡಿ ತಂಡ ಅಂತ ಬಂದವರೇ ಎಲ್ಲ. ಮೊದಲ ಅರ್ಧ ಗಂಟೆ ನಗಲಿಕ್ಕೆ ಜಾಗ ಹುಡುಕುತ್ತಿದ್ದರು. ಕ್ಯಾಪ್ಟನ್ ಟೊಪ್ಪಿ ಸರಿ ಮಾಡಿಕೊಂಡರೂ ನಗು. ನಾವು ಹಿಂದೆ ಕತ್ತಲೆಯಲ್ಲಿ ಡ್ರ್ಯಾಗನ್ ಹೆಗಲ ಮೇಲೆ ಇಟ್ಟುಕೊಂಡು ನಿಂತಿದ್ದೆವು. ನಾನು ಕಂಬಳಿ ಹೊದ್ದು, ಅದರೊಳಗೆ ಟ್ಯೂಬು ಇಟ್ಟುಕೊಂಡು, ಪಕ್ಕೆಯ ಹತ್ತಿರ. ಡೋಲು ಶುರುವಾಯಿತು. ಹೊರಟೆವು.

ಹಿಂದಿನ ಸಾಲಿನವರು ತಿರುಗಿ ನೋಡಿದರು. ಹೊಗೆ ವಾಸನೆ ನಮಗಿಂತ ಮೊದಲು ತಲುಪಿತ್ತು ಅಂತ ಕಾಣುತ್ತದೆ. ಒಂದು ಮಗು ಅಮ್ಮನ ಸೆರಗಿಗೆ ಹೋಯಿತು. ಹಮಾಲಿಗಳು ಟೀಚರ್ ಬರೆದುಕೊಟ್ಟ ಬೈಗಳನ್ನು ಬಯ್ಯುತ್ತಿದ್ದರು, ನನ್ನ ಗದ್ದೆ ಸುಟ್ಟದ್ದು ಇದೇ, ನನ್ನ ಎತ್ತು ತಿಂದದ್ದು ಇದೇ, ಎಂತ ಭಾರ ಮಾರಾಯ ಇದು ಅಂತ. ಭಾರದ್ದು ಟೀಚರ್ ಬರೆದದ್ದಲ್ಲ. ಅರ್ಧ ದಾರಿಯವರೆಗೆ ಎಲ್ಲ ಸರಿ ಇತ್ತು.

ಅಲ್ಲಿ ಲೈಟಿನ ವಯರಿನ ಮೇಲೆ ಹಲಗೆ ಹಾಕಿದ್ದರು. ಎಡಗಡೆ ಇದ್ದ ಒಬ್ಬ ಹಮಾಲಿ ಅದರ ಅಂಚಿಗೆ ಕಾಲಿಟ್ಟ. ಹಲಗೆ ಮಗುಚಿತು, ಅವನ ಕಾಲು ತಿರುಚಿತು, ಮೊಣಕಾಲು ಊರಿ ಕೂತುಬಿಟ್ಟ. ಬಿದಿರು ಆ ಕಡೆ ಇಳಿಯಿತು. ಡ್ರ್ಯಾಗನ್‌ನ ಕುತ್ತಿಗೆ ವಾಲಿ ಹೆಂಗಸರ ತಲೆಯ ಮೇಲೆ ಹೋಯಿತು. ಎಲ್ಲಿಯೋ ಒಬ್ಬ ಕಿಸಕ್ ಅಂತ ನಕ್ಕ. ಒಂದು ನಗು ಬಂದರೆ ಹಿಂದೆಯೇ ನೂರು ಬರುತ್ತದೆ. ನನಗೆ ಕೆದಂಬಾಡಿಯ ಸದ್ದು ಕೇಳಿದ ಹಾಗಾಯಿತು. ಟ್ಯೂಬು ಬಿಟ್ಟು ಬಿದಿರು ಹಿಡಿಯುವ ಅಂದರೆ ಉಸಿರು ನಿಲ್ಲುತ್ತದೆ. ನಾನು ಟ್ಯೂಬು ಬಿಡಲಿಲ್ಲ.

ಆಗ ಆ ಸಾಲಿನ ತುದಿಯ ಕುರ್ಚಿಯಿಂದ ಒಬ್ಬರು ಎದ್ದರು. ಬಿಳಿ ಲುಂಗಿ, ಕಿಸೆಯಲ್ಲಿ ಪೆನ್ನು. ಲುಂಗಿ ಎತ್ತಿ ಕಟ್ಟಿ ಬಿದಿರಿನ ಅಡಿಗೆ ಹೆಗಲು ಕೊಟ್ಟರು. ಆಚೆಯಿಂದ ವಿಡಿಯೋ ಮಾಡುತ್ತಿದ್ದ ಒಬ್ಬ ಫೋನು ಕಿಸೆಗೆ ಹಾಕಿ ಬಂದ. ಅವನ ಹಿಂದೆ ಇನ್ನೊಬ್ಬ. ನಮ್ಮಲ್ಲಿ ಹೊತ್ತುಕೊಂಡು ಹೋಗುವವರು ಎಡವಿದರೆ ಕೂತು ನೋಡುವ ಕ್ರಮ ಇಲ್ಲ. ಅದು ನಾಟಕ ಅಂತ ಅವರಿಗೂ ಗೊತ್ತಿತ್ತು. ಆದರೆ ಹೆಗಲಿಗೆ ಅದು ಗೊತ್ತಾಗುವುದಿಲ್ಲ. ಕಾಕ ಮುಂದಿನಿಂದ ತಿರುಗದೆ ಹೇಳಿದ್ದು ಇಷ್ಟೇ.

"ಹೆಜ್ಜೆ ಸೇರಿಸ್ಬೇಡಿ."

ಡ್ರ್ಯಾಗನ್ ಎದ್ದಿತು. ನಕ್ಕವನ ಸದ್ದು ಇರಲಿಲ್ಲ. ವೇದಿಕೆ ಹತ್ತಿಸಿ ಇಳಿಸಿದೆವು. ಹೆಂಗಸಿನ ಪಾರ್ಟು ಮಾಡುವವರು ಪಕ್ಕೆ ಬಿಟ್ಟು ಉಳಿದದ್ದರ ಮೇಲೆ ಸೊಪ್ಪು ಮುಚ್ಚಿದರು. ಹೊತ್ತವರು ಇನ್ನು ಒಳಗೆ ಹೋಗಬೇಕು. ಹಮಾಲಿಗಳು ಹೋದರು. ನಾನು ಟ್ಯೂಬು ಹಿಡಿದು ಕಂಬಳಿಯೊಳಗೆ ಪಕ್ಕೆಯ ಹಿಂದೆ ಮುದುಡಿ ಕೂತೆ. ಜನರ ನಡುವಿನಿಂದ ಬಂದವರಿಗೆ ಅದು ಗೊತ್ತಿಲ್ಲ. ಅವರು ಮೂವರೂ ಬೆವರು ಒರೆಸಿಕೊಂಡು ಡ್ರ್ಯಾಗನ್‌ನ ಎದುರೇ ನಿಂತರು. ಅಷ್ಟರಲ್ಲಿ ಕ್ಯಾಪ್ಟನ್ ಕತ್ತಿ ಹಿಡಿದು ಬಂದೇ ಬಿಟ್ಟರು. ಹೆಂಗಸಿನ ಹತ್ತಿರ ಹೋಗಲಿಕ್ಕೆ ದಾರಿ ಇಲ್ಲ, ನಡುವೆ ಬಿಳಿ ಲುಂಗಿ. ಬದಿಯಲ್ಲಿ ಟೀಚರ್ ಪರದೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತದ್ದು ನನಗೆ ಕಾಣುತ್ತಿತ್ತು.

ಕ್ಯಾಪ್ಟನ್ ಬೇರೆ ಉಪಾಯವಿಲ್ಲದೆ ಅವರನ್ನೇ ಕೇಳಿದರು.

"ಡ್ರ್ಯಾಗನ್ ಎಲ್ಲಿ?"

ಬಿಳಿ ಲುಂಗಿಯವರು 'ಎಂತ ಡ್ರ್ಯಾಗನ್' ಅಂದರು.

"ನಿನ್ನ ಹಿಂದೆ ಮಲಗಿದ್ದು ಏನದು?"

ಅವರು ತಿರುಗಿ ನೋಡಿದರು. ನಾನು ಟ್ಯೂಬು ಅದುಮಿದೆ. ಪಕ್ಕೆ ಎದ್ದು ಇಳಿಯಿತು. ಅವರು ಪುನಃ ಈಚೆಗೆ ತಿರುಗಿದರು.

"ಅದು ನಮ್ಮ ಮಾವ. ಸೊಂಟ ಮುರಿದಿದೆ. ಆಸ್ಪತ್ರೆಗೆ ಹೊರಟದ್ದು."

ಮೈದಾನ ಒಡೆದ ಹಾಗೆ ನಗು ಬಂತು. ಕುರ್ಚಿಗಳು ಅಲುಗಿದವು. ನಮ್ಮ ನೆರೆಮನೆಯ ಮಾವನ ವಿಷಯ ಅವರಿಗೆ ಗೊತ್ತಿರಲಿಲ್ಲ, ನಮ್ಮ ಕಡೆ ಹೊತ್ತು ತರುವುದು ಹೆಚ್ಚಾಗಿ ಅಂಥವರನ್ನೇ. ಎಲ್ಲ ಬೆರಳು ಕ್ಯಾಪ್ಟನ್‌ನ ಕಡೆ. ಅವರು ಹಳೆಯ ಆಟಗಾರ. ಡ್ರ್ಯಾಗನ್‌ನ ಉದ್ದವನ್ನು ತಲೆಯಿಂದ ಬಾಲದವರೆಗೆ ನೋಡಿದರು, ಟೊಪ್ಪಿ ತೆಗೆದು ಎದೆಗೆ ಹಿಡಿದರು, ಬಗ್ಗಿ, ಮಾವನಿಗೆ ಸಲಾಂ ಹೇಳಿ, ಬಂದ ದಾರಿಯಲ್ಲಿ ಹೋದರು. ನಗು ಇನ್ನೂ ಜಾಸ್ತಿಯಾಯಿತು.

ಬರೆದದ್ದರ ಪ್ರಕಾರ ಕ್ಯಾಪ್ಟನ್ ಹೋದ ಕೂಡಲೇ ಡ್ರ್ಯಾಗನ್ ಒಂದು ದೊಡ್ಡ ಉಸಿರು ತೆಗೆಯಬೇಕು, ಅಲ್ಲಿಗೆ ಲೈಟು ಆರಬೇಕು. ನಾನು ಅದುಮಲಿಲ್ಲ. ಈ ನಗುವಿನ ನಡುವೆ ಅದುಮಿದರೆ ಅದರ ಪಾಲಿಗೂ ಆ ನಗು ಬರುತ್ತದೆ. ಕಾದೆ. ಲೈಟಿನವರು ಸನ್ನೆ ಮಾಡಿದರು, ನೋಡಲಿಲ್ಲ. ಪಕ್ಕೆ ಅಲುಗದ್ದು ಮೊದಲು ಎದುರಿನ ಸಾಲಿನವರಿಗೆ ಕಂಡಿತು. ಅವರ ನಗು ನಿಂತಿತು. ಆಮೇಲೆ ಅವರ ಹಿಂದಿನವರದ್ದು. ಹೀಗೆ ಹಿಂದಕ್ಕೆ ಹಿಂದಕ್ಕೆ ಹೋಗಿ ಕೊನೆಗೆ ಮೈದಾನದಲ್ಲಿ ಜನರೇಟರಿನ ಸದ್ದು ಮಾತ್ರ ಉಳಿಯಿತು. ಬಿಳಿ ಲುಂಗಿಯವರು ತಿರುಗಿ ಡ್ರ್ಯಾಗನ್‌ನ ಪಕ್ಕೆಗೆ ಕೈ ಇಟ್ಟರು. ಅದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆಗ ನಾನು ನಿಧಾನಕ್ಕೆ ಅದುಮಿದೆ. ಪಕ್ಕೆ ಎದ್ದಿತು. ಮೇಲೆ ಸ್ವಲ್ಪ ನಿಂತಿತು. ಇಳಿಯಿತು. ಎದುರಿನ ಸಾಲಿನಲ್ಲಿ ಒಬ್ಬರು ಉಸಿರು ಬಿಟ್ಟದ್ದು ನನಗೆ ಕೇಳಿತು. ಲೈಟು ಆರಿತು.

ಮುಂದಿನದ್ದು ಸುಳ್ಯದಲ್ಲಿ, ಆಮೇಲೆ ಕಡಬದಲ್ಲಿ. ಹೇಳಲಿಕ್ಕೆ ಇಷ್ಟೇ ಉಂಟು, ಇನ್ನು ನನ್ನ ಹತ್ತಿರ ಏನೂ ಇಲ್ಲ.